ಇಟ್ಟಿಗೆ ರಾಶಿಯ ಕೆಂಪು ಚೇಳು



ಬೇಸಿಗೆ ಕಳೆದು ಮುಂಗಾರಿನ ಮೊದಲ ಮಳೆಗಳು ಬೀಳುವ ಹೊತ್ತು. ನಮ್ಮ ಬಯಲುಸೀಮೆಯ ಊರುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿಯ ವೈದ್ಯರಿಗೆ ಚೆನ್ನಾಗಿ ಪರಿಚಯವಿರುವ ದೃಶ್ಯ ಒಂದಿದೆ. ಬಾಗಿಲಲ್ಲಿ ಆಟೋ ನಿಲ್ಲುತ್ತದೆ. ಮಗುವನ್ನು ಎತ್ತಿಕೊಂಡು ಅಪ್ಪನೋ ಅಜ್ಜಿಯೋ ಓಡಿಬರುತ್ತಾರೆ. “ಚೇಳು ಕಡದದರಿ, ಲಗೂನ ನೋಡ್ರಿ” ಎನ್ನುತ್ತಾರೆ. ಆ ಮಗು ದೂರದ ಹಳ್ಳಿಯಿಂದಲೇ ಬಂದಿರಬೇಕೆಂದಿಲ್ಲ. ಊರಂಚಿನ ಹೊಸ ಬಡಾವಣೆಯಿಂದ ಬಂದಿರಬಹುದು, ಬಸ್ ನಿಲ್ದಾಣದ ಹಿಂದಿನ ಓಣಿಯಿಂದ ಬಂದಿರಬಹುದು, ಕಟ್ಟುತ್ತಿರುವ ಮೂರಂತಸ್ತಿನ ಮನೆಯ ಪಕ್ಕದ ತಗಡಿನ ಶೆಡ್ಡಿನಿಂದಲೂ ಬಂದಿರಬಹುದು.

ಚೇಳೆಂದರೆ ಹೊಲಗದ್ದೆಯ, ಕಲ್ಲುಗುಡ್ಡದ ಜೀವಿ, ಸಿಮೆಂಟಿನ ಮನೆಗೂ ಅದಕ್ಕೂ ನಂಟಿಲ್ಲ ಎಂದು ಪಟ್ಟಣದವರು ನಿಶ್ಚಿಂತೆಯಿಂದ ಇದ್ದೇವೆ. ಆದರೆ ಮನುಷ್ಯ ಕಟ್ಟುವ, ಕೆಡಹುವ, ಗುಡ್ಡೆ ಹಾಕುವ ಕಡೆಯಲ್ಲೆಲ್ಲ ಚೇಳಿಗೆ ಬೇಕಾದ ನೆರಳು, ತಂಪು, ಆಹಾರ ಮೂರೂ ದೊರೆಯುತ್ತವೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತ ಬಂದವನು ನಾನು. ಇವತ್ತು ನಿಮ್ಮ ಮನಸ್ಸಿಗೆ ಮುಟ್ಟಿಸಬೇಕೆಂದುಕೊಂಡಿರುವ ಮಾತು ಒಂದೇ. ಚೇಳಿನ ವಿಷಕ್ಕೆ ಇಂದು ಒಳ್ಳೆಯ ಮದ್ದಿದೆ, ಅದು ದುಬಾರಿಯದೂ ಅಲ್ಲ. ಇಷ್ಟಿದ್ದೂ ಜೀವ ಹೋಗುವುದು ಬಹುಮಟ್ಟಿಗೆ ತಡದಿಂದ. ಆ ತಡ ಏಕೆ ಆಗುತ್ತದೆ, ಅದನ್ನು ತಪ್ಪಿಸುವುದು ಹೇಗೆ, ಚೇಳು ನಮ್ಮ ಹಾಸಿಗೆಯವರೆಗೆ ಬರದ ಹಾಗೆ ನೋಡಿಕೊಳ್ಳುವುದು ಹೇಗೆ, ಇದನ್ನು ಹೇಳುವುದಕ್ಕೆ ಬಂದಿದ್ದೇನೆ.

ಮೊದಲು ಚೇಳನ್ನು ಗುರುತು ಹಿಡಿಯೋಣ. ಪ್ರಪಂಚದಲ್ಲಿ ಇದುವರೆಗೆ ವಿಜ್ಞಾನಿಗಳು ಹೆಸರಿಟ್ಟಿರುವ ಚೇಳಿನ ಜಾತಿಗಳು 2,500ಕ್ಕೂ ಹೆಚ್ಚು. ಭಾರತದಲ್ಲಿಯೇ ನೂರಕ್ಕೂ ಮಿಕ್ಕಿ ಇವೆ. ಇವುಗಳಲ್ಲಿ ಮನುಷ್ಯನ ಜೀವಕ್ಕೆ ಅಪಾಯ ತರಬಲ್ಲವು ಬೆರಳೆಣಿಕೆಯಷ್ಟು. ನಮ್ಮ ಕಡೆ ಜನ ಸಾಮಾನ್ಯವಾಗಿ ಎರಡು ಬಗೆಯನ್ನು ಗುರುತಿಸುತ್ತಾರೆ, ಕರಿ ಚೇಳು ಮತ್ತು ಕೆಂಪು ಚೇಳು. ಕರಿ ಚೇಳು ನೋಡುವುದಕ್ಕೆ ಭಯಂಕರ. ಅಂಗೈ ಅಗಲಕ್ಕೆ ಬೆಳೆಯುತ್ತದೆ, ಮುಂದಿನ ಎರಡು ಇಕ್ಕಳಗಳು ದಪ್ಪ, ಮೈ ಹೊಳೆಯುವ ಕಪ್ಪು ಅಥವಾ ಕಡುಹಸಿರು. ಅದನ್ನು ಕಂಡರೆ ಎಲ್ಲರೂ ದೂರ ಸರಿಯುತ್ತಾರೆ. ಆದರೆ ಅದು ಬೇಟೆಯನ್ನು ಹಿಡಿದು ಹಿಸುಕುವುದಕ್ಕೆ ನಂಬಿರುವುದು ಇಕ್ಕಳವನ್ನು, ವಿಷವನ್ನಲ್ಲ. ಕುಟುಕಿದರೆ ಚೆನ್ನಾಗಿಯೇ ಉರಿಯುತ್ತದೆ, ಊದಿಕೊಳ್ಳುತ್ತದೆ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ.

ಕೆಂಪು ಚೇಳು ಹಾಗಲ್ಲ. ಆರೇಳು ಸೆಂಟಿಮೀಟರ್ ಉದ್ದ, ದೊಡ್ಡದಾದರೆ ಒಂಬತ್ತರವರೆಗೆ. ಮೈಬಣ್ಣ ಕೆಂಪು ಎಂದು ಹೆಸರು, ಆದರೆ ಕಿತ್ತಳೆಯಿಂದ ಕಂದಿನವರೆಗೆ ಏನೂ ಇರಬಹುದು. ಕಾಲುಗಳು ತೆಳುಹಳದಿ. ಇಕ್ಕಳಗಳು ಸಣಕಲು, ಬಾಲ ಮಾತ್ರ ದಪ್ಪ. ಶಾಸ್ತ್ರದಲ್ಲಿ ಇದನ್ನು ಹೊಟೆನ್‌ಟೊಟ್ಟಾ ಟಮುಲಸ್ ಎನ್ನುತ್ತಾರೆ. ಡೆನ್ಮಾರ್ಕಿನ ವಿಜ್ಞಾನಿ ಫ್ಯಾಬ್ರೀಷಿಯಸ್ 1798ರಲ್ಲಿಯೇ ಇದನ್ನು ವರ್ಣಿಸಿದ್ದ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣ, ತಮಿಳುನಾಡು, ಗುಜರಾತಿನ ಒಣನೆಲಗಳಲ್ಲಿ ಇದರ ವಾಸ. ಭಾರತದ ಚೇಳುಗಳಲ್ಲಿ ಅತ್ಯಂತ ಅಪಾಯಕಾರಿ ಎಂದು ವೈದ್ಯರು ಎಣಿಸುವುದು ಇದನ್ನೇ. ಇಕ್ಕಳ ದಪ್ಪ, ಬಾಲ ಸಣ್ಣದಿದ್ದರೆ ಭಯ ಕಡಿಮೆ. ಇಕ್ಕಳ ಸಣ್ಣ, ಬಾಲ ದಪ್ಪವಿದ್ದರೆ ಎಚ್ಚರ. ಇದು ಕತ್ತಲಲ್ಲಿ ನಂಬಿ ಕೂರುವ ನಿಯಮವಲ್ಲ, ಆದರೆ ತಿಳಿದಿರಬೇಕಾದದ್ದು.

ಈಗ ಒಂದು ಹಳೆಯ ಇಟ್ಟಿಗೆ ರಾಶಿಯನ್ನು ಊಹಿಸಿಕೊಳ್ಳಿ. ಮನೆ ಕಟ್ಟಿ ಮುಗಿದಿದೆ, ಗೃಹಪ್ರವೇಶ ಆಗಿದೆ, ಮಿಕ್ಕ ಇಟ್ಟಿಗೆಯನ್ನು “ಮುಂದೆ ಬೇಕಾಗಬಹುದು” ಎಂದು ಹಿತ್ತಲ ಮೂಲೆಯಲ್ಲಿ ಜೋಡಿಸಿಟ್ಟಿದ್ದಾರೆ. ಹಗಲೆಲ್ಲ ಬಿಸಿಲು ಹೊಡೆದರೂ ತಳದ ಇಟ್ಟಿಗೆಯ ಅಡಿ ಮಣ್ಣು ತಣ್ಣಗಿರುತ್ತದೆ. ಎರಡು ಇಟ್ಟಿಗೆಗಳ ನಡುವೆ ಕೆಲವೇ ಮಿಲಿಮೀಟರಿನ ಸಂದು. ಚಪ್ಪಟೆ ಮೈಯ ಚೇಳಿಗೆ ಅಷ್ಟು ಸಾಕು. ಮೇಲೂ ಕೆಳಗೂ ಮೈಗೆ ತಾಗುವಂಥ ಇಕ್ಕಟ್ಟೇ ಅದಕ್ಕೆ ಹಿತ. ಹಗಲು ಅಲ್ಲಿ ಅಲುಗಾಡದೆ ಕೂರುತ್ತದೆ. ಕತ್ತಲಾದ ಮೇಲೆ ಸಂದಿನ ಬಾಯಿಗೆ ಬಂದು ಕಾಯುತ್ತದೆ. ಕಣ್ಣುಗಳು ಹಲವಿದ್ದರೂ ನೋಟ ಮಂದ. ಅದರ ಬಲವೆಲ್ಲ ಕಾಲುಗಳಲ್ಲಿದೆ. ಕಾಲಿನ ಸಣ್ಣ ಸೀಳುಗಳಂಥ ಅಂಗಗಳು ನೆಲದ ಅದುರುವಿಕೆಯನ್ನು ಹಿಡಿಯುತ್ತವೆ. ಹತ್ತಿರದಲ್ಲಿ ಜಿರಲೆಯೊಂದು ಹೆಜ್ಜೆಯಿಟ್ಟರೂ ಅದಕ್ಕೆ ದಿಕ್ಕು ತಿಳಿಯುತ್ತದೆ. ಹೊಟ್ಟೆಯ ಅಡಿಯಲ್ಲಿ ಬಾಚಣಿಗೆಯಂಥ ಜೋಡಿ ಅಂಗವಿದೆ. ಅದು ನೆಲ ಸವರುತ್ತ ವಾಸನೆ, ಸ್ಪರ್ಶಗಳನ್ನು ಗ್ರಹಿಸುತ್ತದೆ.

ಜಿರಲೆ, ಮಿಡತೆ, ಜೇಡ, ಗೆದ್ದಲು ಅದರ ಊಟ. ಹಿಡಿದ ಬೇಟೆಯನ್ನು ಹೊರಗೇ ರಸ ಮಾಡಿ ಹೀರಿಕೊಳ್ಳುತ್ತದೆ. ದೇಹದ ಖರ್ಚು ಎಷ್ಟು ಕಡಿಮೆಯೆಂದರೆ ಒಮ್ಮೆ ಹೊಟ್ಟೆ ತುಂಬಿದರೆ ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ಆದ್ದರಿಂದ “ಬೀಗ ಹಾಕಿದ ಮನೆ, ಒಳಗೆ ಏನೂ ಇಲ್ಲ” ಎಂದು ಹೇಳುವಂತಿಲ್ಲ. ಆರು ತಿಂಗಳು ಮುಚ್ಚಿದ್ದ ಮನೆಯ ಮೂಲೆಯ ಗೋಣಿಚೀಲದಡಿ ಅದು ಜೀವಂತವಾಗಿರಬಹುದು.

ಹೆತ್ತರೆ ತಾಯಿ ಚೇಳು ಸಾಯುತ್ತದೆ, ಮರಿಗಳು ಅದರ ಬೆನ್ನು ಸೀಳಿ ಬರುತ್ತವೆ ಎಂದು ನಮ್ಮಲ್ಲಿ ಹೇಳುವುದುಂಟು. ಅದು ನಿಜವಲ್ಲ. ಚೇಳು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ. ಬಿಳಿಚಿಕೊಂಡ, ಮೆತ್ತನೆಯ ಮೈಯ ಮರಿಗಳು ಒಂದೊಂದಾಗಿ ತಾಯಿಯ ಬೆನ್ನೇರುತ್ತವೆ. ಮೊದಲ ಪೊರೆ ಕಳಚುವವರೆಗೆ ಅಲ್ಲಿಂದ ಇಳಿಯುವುದಿಲ್ಲ. ಆ ದಿನಗಳಲ್ಲಿ ತಾಯಿ ಬಿಲದಿಂದ ಹೆಚ್ಚು ದೂರ ಹೋಗುವುದಿಲ್ಲ. ಇಟ್ಟಿಗೆ ಎತ್ತಿದಾಗ ಕಂಡ ತಾಯಿ ಚೇಳಿನ ಬೆನ್ನ ಮೇಲೆ ಅಕ್ಕಿಕಾಳು ಚೆಲ್ಲಿದಂತೆ ಮರಿಗಳು ಒತ್ತೊತ್ತಾಗಿ ಕುಳಿತಿದ್ದನ್ನು ನಾನು ನೋಡಿದ್ದೇನೆ. ಬೆಳಕು ಬೀಳುತ್ತಲೇ ಅದು ಕೊಂಡಿ ಎತ್ತಿ ಹಿಂದೆ ಹಿಂದೆ ಸರಿಯಿತು, ಒಂದು ಮರಿಯೂ ಉದುರಲಿಲ್ಲ. ಒಂದು ರಾಶಿಯಲ್ಲಿ ಒಂದು ತಾಯಿ ಸಿಕ್ಕಿತೆಂದರೆ ಮುಂದಿನ ವರ್ಷ ಆ ಹಿತ್ತಲಲ್ಲಿ ಎಷ್ಟು ಚೇಳು ಎಂಬುದನ್ನು ನೀವೇ ಲೆಕ್ಕ ಹಾಕಬಹುದು.

ಇವನ್ನು ಕತ್ತಲಲ್ಲಿ ಕಾಣುವುದಕ್ಕೆ ಒಂದು ಸುಲಭ ಉಪಾಯವಿದೆ. ಚೇಳಿನ ಮೈಕವಚದಲ್ಲಿರುವ ಕೆಲವು ರಾಸಾಯನಿಕಗಳು ನೇರಳಾತೀತ ಬೆಳಕು ಬಿದ್ದರೆ ನೀಲಿಹಸಿರಾಗಿ ಹೊಳೆಯುತ್ತವೆ. ಅಂಗಡಿಗಳಲ್ಲಿ ನೋಟು ಅಸಲಿಯೋ ನಕಲಿಯೋ ನೋಡುವುದಕ್ಕೆ ಇಟ್ಟುಕೊಳ್ಳುತ್ತಾರಲ್ಲ, ಆ ಬಗೆಯ ಸಣ್ಣ ಟಾರ್ಚು ಸಾಕು. ಚಂದ್ರನಿಲ್ಲದ ರಾತ್ರಿ ಕಾಂಪೌಂಡ್ ಗೋಡೆಯ ಮೇಲೆ ಹಿಡಿದರೆ, ಹಗಲಲ್ಲಿ ಕಣ್ಣಿಗೇ ಬೀಳದ ಚೇಳು ಹಲವು ಮೀಟರ್ ದೂರದಿಂದ ಕಾಣುತ್ತದೆ. ಆಗತಾನೇ ಪೊರೆ ಬಿಟ್ಟದ್ದು ಮಾತ್ರ ಹೊಳೆಯುವುದಿಲ್ಲ. ಹಳೆಯ ಕಲ್ಲುಗೋಡೆ, ಖಾಲಿ ಸೈಟು ಪಕ್ಕದಲ್ಲಿ ಇರುವವರು ಈ ಟಾರ್ಚು ಇಟ್ಟುಕೊಂಡರೆ ಒಳ್ಳೆಯದು. ಆದರೆ ಗಟ್ಟಿ ಬೂಟು ಹಾಕಿಕೊಂಡೇ ಹೋಗಿ, ಕೈಯಿಂದ ಏನನ್ನೂ ಮುಟ್ಟಬೇಡಿ.

ನಗರಗಳಲ್ಲಿ ಚೇಳು ಬೆಳೆಯುವುದು ನಮ್ಮ ನಾಡಿನ ಸಂಗತಿ ಮಾತ್ರವಲ್ಲ. ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್ ನಗರ ಮರುಭೂಮಿಯೊಳಕ್ಕೆ ಹರಡಿಕೊಂಡ ಹಾಗೆಲ್ಲ ಅಲ್ಲಿನ ತೊಗಟೆ ಚೇಳು ಮನೆಗಳ ಗೋಡೆ ಏರತೊಡಗಿತು. ಜನ ರಾತ್ರಿ ನೇರಳಾತೀತ ಟಾರ್ಚು ಹಿಡಿದು ಅಂಗಳ ಹುಡುಕುವುದು ಅಲ್ಲಿ ರೂಢಿ. ಬ್ರೆಜಿಲ್ ದೇಶದ ಕಥೆ ಇನ್ನೂ ದೊಡ್ಡದು. ಅಲ್ಲಿಯ ಹಳದಿ ಚೇಳು ಮೂಲದಲ್ಲಿ ಮಿನಾಸ್ ಜೆರೈಸ್ ಸೀಮೆಯದು. ಅದರಲ್ಲಿ ಹೆಣ್ಣೊಂದೇ ಗಂಡಿನ ಸಂಗವಿಲ್ಲದೆ ಮರಿ ಹಾಕಬಲ್ಲದು. ಒಂದು ಸೂಲಿಗೆ ಸುಮಾರು 20 ಮರಿ. ಸರಕಿನ ಜೊತೆ ಲಾರಿಯಲ್ಲಿ ಒಂದೇ ಒಂದು ಹೆಣ್ಣು ಹೊಸ ಊರಿಗೆ ಹೋದರೂ ಅಲ್ಲಿ ವಂಶ ಬೆಳೆಯುತ್ತದೆ. ಬೆಲೊ ಹೊರಿಜಾಂಟೆ, ಸಾವೊ ಪಾವ್ಲೊದಂಥ ನಗರಗಳ ಒಳಚರಂಡಿಗಳಲ್ಲಿ ಜಿರಲೆ ತಿಂದುಕೊಂಡು ಅದು ಬದುಕುತ್ತದೆ. ಇತ್ತೀಚಿನ ವರ್ಷಗಳಲ್ಲಿ ಆ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಚೇಳು ಕುಟುಕುತ್ತಿದೆ.

ಬ್ರೆಜಿಲ್ ಕಲಿಸಿದ ಪಾಠ ಒಂದನ್ನು ನಾವು ಗಮನಿಸಬೇಕು. ಅಲ್ಲಿನ ಆರೋಗ್ಯ ಇಲಾಖೆ ಚೇಳಿಗೆ ಕೀಟನಾಶಕ ಸಿಂಪಡಿಸುವುದನ್ನು ಶಿಫಾರಸು ಮಾಡುವುದಿಲ್ಲ. ಸಂದಿಯೊಳಗೆ ಅಡಗಿದ ಚೇಳಿಗೆ ಔಷಧ ಸರಿಯಾಗಿ ತಾಗುವುದಿಲ್ಲ, ಘಾಟಿಗೆ ಅದು ಹೊರಬಂದು ಮನೆಯೊಳಗೇ ಓಡಾಡತೊಡಗುತ್ತದೆ. ಚೇಳನ್ನು ಹೊರಗಟ್ಟುವ ದಾರಿಯೆಂದರೆ ಅದರ ಅಡಗುತಾಣ ತೆಗೆಯುವುದು, ಅದರ ಊಟ ನಿಲ್ಲಿಸುವುದು. ಊಟವೆಂದರೆ ಜಿರಲೆ. ಜಿರಲೆಗೆ ಊಟ ಹಾಕುವವರು ನಾವು.

ನಮ್ಮ ಊರುಗಳತ್ತ ನೋಡಿ. ಸೈಟು ಮಾಡಿ ಮಾರಿದ ಬಡಾವಣೆಯಲ್ಲಿ ಹತ್ತಕ್ಕೆ ನಾಲ್ಕು ಸೈಟಿನಲ್ಲಿ ಮನೆ, ಮಿಕ್ಕದ್ದರಲ್ಲಿ ಪಾರ್ಥೇನಿಯಂ, ಮುಳ್ಳುಕಂಟಿ, ಅಕ್ಕಪಕ್ಕದವರು ತಂದು ಸುರಿದ ಒಡೆದ ಗಾರೆ, ಹಳೆಯ ಟೈಲ್ಸು, ಕಮೋಡು. ರಸ್ತೆಬದಿಗೆ ಜಲ್ಲಿ ಗುಡ್ಡೆ. ಕಾಂಪೌಂಡಿಗೆಂದು ತಂದ ಸೈಜುಗಲ್ಲು ವರ್ಷಗಟ್ಟಲೆ ಅಲ್ಲೇ. ಕಲಬುರಗಿ ಸೀಮೆಯ ಹಳೆಯ ಮನೆಗಳಲ್ಲಿ ಗೋಡೆಗೆ, ನೆಲಕ್ಕೆ ಹಾಕಿದ ಶಹಾಬಾದ್ ಕಲ್ಲುಗಳ ನಡುವಿನ ಮಣ್ಣು ಉದುರಿ ಬೆರಳು ತೂರುವಷ್ಟು ಸಂದಿ. ಬಚ್ಚಲ ತೂಬಿಗೆ ಜಾಲರಿಯಿಲ್ಲ. ಹಿತ್ತಲಲ್ಲಿ ಸೌದೆ, ಬೆರಣಿ, ತೆಂಗಿನ ಗರಿ. ಇಷ್ಟು ಸೌಕರ್ಯ ಇರುವಾಗ ಚೇಳು ಬೇರೆಲ್ಲಿಗೆ ಹೋಗಬೇಕು? ಮಳೆ ಜೋರಾಗಿ ಬಿದ್ದು ಬಿಲಕ್ಕೆ ನೀರು ನುಗ್ಗಿದ ದಿನ ಅದು ಒಣನೆಲ ಹುಡುಕುತ್ತದೆ. ಅತಿ ಹತ್ತಿರದ ಒಣನೆಲ ನಮ್ಮ ಹೊಸ್ತಿಲ ಒಳಗಿರುತ್ತದೆ.

ಯಾರಿಗೆ ಕುಟುಕುತ್ತದೆ? ಇದು ಮುಖ್ಯವಾದ ಪ್ರಶ್ನೆ. ಬೆಂಗಳೂರಿನ ಹೊರವಲಯದಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಬಳಿ ಸೆಂಟ್ರಿಂಗ್ ಹಲಗೆ ಜೋಡಿಸುತ್ತಿದ್ದ ರಾಯಚೂರು ಕಡೆಯ ಹೆಣ್ಣುಮಗಳನ್ನು ಮಾತನಾಡಿಸಿದೆ. “ಏನವ್ವಾ, ಇಲ್ಲಿ ಚೇಳು ಕಾಣಿಸ್ತಾವೇನು?” ಎಂದೆ. ಕೈ ನಿಲ್ಲಿಸದೆಯೇ ಹೇಳಿದಳು: “ಕಾಣದೇನ್ರಿ ಸರ, ಇಟ್ಟಂಗಿ ಎತ್ತಿದ್ರ ಒಂದಾದ್ರೂ ಇರ್ತದ್ರಿ.” ಕಡಿದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಉಳ್ಳಾಗಡ್ಡಿ ತಿಕ್ಕತೀವ್ರಿ. ಜಾಸ್ತಿ ಉರದ್ರ ಕಟ್ಟತೀವ್ರಿ. ದವಾಖಾನಿ ಎಲ್ಲೈತಿ ನಮಗ ಗೊತ್ತಿಲ್ರಿ.” ಅವಳ ಮಗು ಪಕ್ಕದಲ್ಲಿಯೇ ಸಿಮೆಂಟಿನ ಚೀಲ ಹಾಸಿದ ನೆಲದ ಮೇಲೆ ಮಲಗಿತ್ತು. ತಲೆಯಿಂದ ಮೊಳದಷ್ಟು ದೂರದಲ್ಲಿ ಇಟ್ಟಿಗೆ ರಾಶಿ.

ಬರಿಗೈಯಲ್ಲಿ ಇಟ್ಟಿಗೆ ಎತ್ತುವವರು, ಬರಿಗಾಲಲ್ಲಿ ನಡೆಯುವವರು, ನೆಲದ ಮೇಲೆ ಮಲಗುವವರು, ಸೌದೆ ಒಲೆ ಉರಿಸುವವರು, ರಾತ್ರಿ ಬಯಲಿಗೆ ಹೋಗಬೇಕಾದವರು: ಚೇಳಿನ ಕೊಂಡಿ ಹೆಚ್ಚಾಗಿ ತಾಗುವುದು ಇವರಿಗೆ. ನಾವು ಸುಖವಾಗಿ ಇರುವ ಮನೆಗಳನ್ನು ಕಟ್ಟಿಕೊಡುವವರು ಇವರೇ. ಅವರ ನಡುವೆ ಅತಿ ಹೆಚ್ಚು ಅಪಾಯ ಮಕ್ಕಳಿಗೆ. ದೊಡ್ಡವರ ಮೈಗೆ ಹೋದಷ್ಟೇ ವಿಷ ಹತ್ತು ಕಿಲೋ ತೂಕದ ಮಗುವಿನ ಮೈಗೂ ಹೋಗುತ್ತದೆ. ಕಳ್ಳನಿಗೆ ಚೇಳು ಕುಟುಕಿದರೆ ಬಾಯಿಬಿಟ್ಟು ಹೇಳಲಾರ ಎಂದು ಗಾದೆಯಿದೆ. ಹಸುಗೂಸಿಗೆ ಕುಟುಕಿದರೆ ಹೇಳುವುದಕ್ಕೆ ಮಾತೇ ಬರುವುದಿಲ್ಲ. ರಾತ್ರಿ ಮಗು ಏಕಾಏಕಿ ಚೀರಿ ಅಳತೊಡಗಿ, ಸಮಾಧಾನವೇ ಆಗದೆ, ಮೈ ಬೆವರಿ, ವಾಂತಿ ಮಾಡಿಕೊಂಡರೆ ಹೊಟ್ಟೆನೋವು ಎಂದುಕೊಳ್ಳುವ ಮೊದಲು ಹಾಸಿಗೆ ಕೊಡವಿ ನೋಡಿ.

ಈಗ ವಿಷದ ಕೆಲಸ. ಕೆಂಪು ಚೇಳಿನ ವಿಷ ನರಗಳಲ್ಲಿ ಸೋಡಿಯಂ ಓಡಾಡುವ ಬಾಗಿಲುಗಳನ್ನು ಮುಚ್ಚಲು ಬಿಡುವುದಿಲ್ಲ. ನರಗಳು ಬಿಡುವಿಲ್ಲದೆ ಸಂಕೇತ ಕಳಿಸತೊಡಗುತ್ತವೆ. ನಾವು ತೀರಾ ಹೆದರಿದಾಗ ಮೈಯಲ್ಲಿ ಸುರಿಯುವ ಅಡ್ರಿನಲಿನ್ ಮತ್ತು ಅದರ ಬಳಗದ ರಸಗಳು ಒಮ್ಮೆಲೇ ಮಿತಿಮೀರಿ ಸುರಿಯುತ್ತವೆ. ಮೊದಲ ಹಂತದಲ್ಲಿ ಬಟ್ಟೆ ತೊಯ್ಯುವಷ್ಟು ಬೆವರು, ವಾಂತಿ, ಜೊಲ್ಲು. ಗಂಡುಮಕ್ಕಳಲ್ಲಿ ಜನನಾಂಗ ನಿಮಿರುವುದು ವೈದ್ಯರಿಗೆ ಬಹಳ ಮುಖ್ಯವಾದ ಗುರುತು, ಅದನ್ನು ಹೇಳಲು ನಾಚಬೇಡಿ. ಅನಂತರ ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಏರುತ್ತದೆ, ಎದೆಬಡಿತ ಜೋರಾಗುತ್ತದೆ. ರಕ್ತನಾಳಗಳೆಲ್ಲ ಬಿಗಿದುಕೊಂಡಿರುವುದರಿಂದ ಹೃದಯ ಆ ಬಿಗಿಯ ವಿರುದ್ಧ ದುಡಿದು ದುಡಿದು ಸೋಲುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೆಮ್ಮು, ಏದುಸಿರು, ಬಾಯಲ್ಲಿ ಕೆಂಪುಮಿಶ್ರಿತ ನೊರೆ. ಇಲ್ಲಿಗೆ ಬಂದರೆ ಕಷ್ಟ. ಕುಟುಕಿದ ಜಾಗದ ಉರಿ ಕಡಿಮೆಯಾಯಿತೆಂದರೆ ವಿಷ ಇಳಿಯಿತೆಂದು ಅರ್ಥವಲ್ಲ. ಬೆವರು, ವಾಂತಿ, ತಣ್ಣನೆಯ ಪಾದ, ಇವುಗಳನ್ನು ನೋಡಬೇಕು.

ಇದು ಹೃದಯದ ಸಂಕಟ ಎಂಬುದನ್ನು ಅರಿತು ಅದಕ್ಕೆ ಮದ್ದು ಕೊಟ್ಟವರು ನಮ್ಮ ನೆರೆಯ ಕೊಂಕಣದ ಒಬ್ಬ ಗ್ರಾಮೀಣ ವೈದ್ಯರು. ಹೆಸರು ಡಾಕ್ಟರ್ ಹಿಮ್ಮತರಾವ್ ಬಾವಸ್ಕರ್. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಅವರ ಕರ್ಮಭೂಮಿ. 1970ರ ದಶಕದ ಕೊನೆಯಲ್ಲಿ ಆ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದಾಗ ಚೇಳು ಕುಟುಕಿದ ರೋಗಿಗಳು ಕಣ್ಣ ಮುಂದೆಯೇ ಉಸಿರುಕಟ್ಟಿ ಸಾಯುವುದನ್ನು ಅವರು ಕಂಡರು. ಆಗಿನ ಚಿಕಿತ್ಸೆಗಳು ಫಲ ಕೊಡುತ್ತಿರಲಿಲ್ಲ. ಬೇರೆ ವೈದ್ಯರಾಗಿದ್ದರೆ ವಿಧಿ ಎಂದು ಬಿಡುತ್ತಿದ್ದರೇನೋ. ಬಾವಸ್ಕರ್ ರೋಗಿಯ ಹಾಸಿಗೆಯ ಪಕ್ಕ ಕುಳಿತು ನಾಡಿ, ರಕ್ತದೊತ್ತಡ, ಬೆವರು, ಕೈಕಾಲಿನ ತಂಪು, ಉಸಿರಾಟ ಬರೆದಿಟ್ಟುಕೊಂಡರು. ಯಾವ ಲಕ್ಷಣ ಮೊದಲು ಬರುತ್ತದೆ, ಯಾವುದು ಕಂಡರೆ ಅಪಾಯ ಸಮೀಪಿಸಿದೆ ಎಂಬುದನ್ನು ಗುರುತಿಸಿದರು. 1982ರಲ್ಲಿ ಅವರ ಲೇಖನ ಇಂಗ್ಲೆಂಡಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು.

ರಕ್ತನಾಳದ ಬಿಗಿ ಸಡಿಲಿಸಿದರೆ ಹೃದಯಕ್ಕೆ ವಿಶ್ರಾಂತಿ ಸಿಗಬೇಕು ಎಂಬುದು ಅವರ ತರ್ಕ. ಹಾಗೆ ಸಡಿಲಿಸುವ ಒಂದು ಮಾತ್ರೆ ಆಗಲೇ ಔಷಧ ಅಂಗಡಿಗಳಲ್ಲಿತ್ತು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್. ಅದನ್ನು ಅವರು ಚೇಳು ಕುಟುಕಿದವರಿಗೆ ಕೊಡತೊಡಗಿದರು. ಪ್ರಾಜೋಸಿನ್ ಬಗೆಗಿನ ಅವರ ವರದಿ 1986ರಲ್ಲಿ ಮತ್ತೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಪತ್ನಿ ಡಾಕ್ಟರ್ ಪ್ರಮೋದಿನಿ ಬಾವಸ್ಕರ್ ಈ ದುಡಿಮೆಯಲ್ಲಿ ಜೊತೆಗಿದ್ದರು. ವಿಷ ಮೈಗೆಲ್ಲ ಏರಿದ ರೋಗಿಗಳಲ್ಲಿ ಮೊದಲು ನೂರಕ್ಕೆ ಸುಮಾರು 30ರಷ್ಟಿದ್ದ ಸಾವು, ಈ ಚಿಕಿತ್ಸೆಯ ನಂತರ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಚೇಳಿನ ಪ್ರತಿವಿಷವನ್ನು ಪ್ರಾಜೋಸಿನ್ ಜೊತೆ ಕೊಟ್ಟರೆ ರೋಗಿ ಇನ್ನೂ ಬೇಗ ಚೇತರಿಸಿಕೊಳ್ಳುತ್ತಾನೆ ಎಂಬುದನ್ನೂ ಅವರು ತೋರಿಸಿದರು. ಆ ಅಧ್ಯಯನ 2011ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು. ದೊಡ್ಡ ಪ್ರಯೋಗಾಲಯವಿಲ್ಲದ ತಾಲ್ಲೂಕು ಊರೊಂದರಲ್ಲಿ, ರೋಗಿಯ ಪಕ್ಕದಲ್ಲಿ ಕುಳಿತು ಮಾಡಿದ ಈ ಕೆಲಸ ಎಷ್ಟು ತಾಯಂದಿರ ಮಡಿಲು ಬರಿದಾಗದಂತೆ ಕಾಯ್ದಿದೆ ಎಂದು ನೆನೆದರೆ ಮನಸ್ಸು ತುಂಬಿಬರುತ್ತದೆ.

ಇಷ್ಟು ಒಳ್ಳೆಯ ಮದ್ದಿದ್ದೂ ತಡವೇಕೆ? ಮೊದಲನೆಯದು, ನಮ್ಮ ನಂಬಿಕೆ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿದ್ದಾಳೆ, ಚೇಳಿನ ಕಾಟದಿಂದ ಕಾಯುವ ತಾಯಿ ಎಂದು ಜನ ಹರಕೆ ಹೊರುತ್ತಾರೆ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರಪಂಚಮಿಯ ದಿನ ಜನ ಬೆಟ್ಟ ಹತ್ತಿ, ಕಲ್ಲಿನಡಿಯ ಚೇಳುಗಳನ್ನು ಹಿಡಿದು ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಶತಮಾನಗಳಿಂದ ಚೇಳಿನ ಜೊತೆ ಬಾಳಿದ ಜನ ಆ ಭಯವನ್ನು ಭಕ್ತಿಯಾಗಿ ಮಾರ್ಪಡಿಸಿಕೊಂಡರು. ಆ ಭಕ್ತಿಗೆ ನಾನು ಕೈಮುಗಿಯುತ್ತೇನೆ. ಒತ್ತದೆ, ಹಿಸುಕದೆ ಮೆಲ್ಲಗೆ ಬಿಟ್ಟುಕೊಂಡ ಚೇಳು ಎಷ್ಟೋ ಸಲ ಕುಟುಕುವುದಿಲ್ಲ. ವಿಷ ಅದರ ಬೇಟೆಯ ಬಂಡವಾಳ, ಸುಮ್ಮನೆ ಖರ್ಚು ಮಾಡುವುದಿಲ್ಲ. ಆದರೂ ಮಕ್ಕಳ ಮೈಮೇಲೆ ಬಿಡಬೇಡಿ ಎಂದು ಹಿರಿಯರಲ್ಲಿ ಬೇಡಿಕೊಳ್ಳುತ್ತೇನೆ. ಚೇಳಮ್ಮನಿಗೆ ಹರಕೆ ಹೊತ್ತುಕೊಳ್ಳಿ, ಆಸ್ಪತ್ರೆಯ ದಾರಿಯಲ್ಲಿಯೇ ಹೊತ್ತುಕೊಳ್ಳಿ.

ಎರಡನೆಯದು ಮಂತ್ರ, ಬೇರು, ಉಳ್ಳಾಗಡ್ಡಿ. ಇವುಗಳಿಂದ ವಾಸಿಯಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ಕುಟುಕಿದ್ದು ಕರಿ ಚೇಳಾಗಿದ್ದರೆ, ಅಥವಾ ಕೆಂಪು ಚೇಳೇ ಆಗಿದ್ದು ವಿಷ ಹೆಚ್ಚು ಇಳಿದಿರದಿದ್ದರೆ, ಏನೂ ಮಾಡದಿದ್ದರೂ ನೋವು ಕೆಲವು ಗಂಟೆಗಳಲ್ಲಿ ಇಳಿಯುತ್ತಿತ್ತು. ಹತ್ತು ಜನರಲ್ಲಿ ಹಾಗೆ ಇಳಿದದ್ದನ್ನು ಕಂಡ ನಂಬಿಕೆ ಹನ್ನೊಂದನೆಯ ಮಗುವಿನ ಅಮೂಲ್ಯ ಹೊತ್ತನ್ನು ತಿಂದುಹಾಕುತ್ತದೆ. ಆಸ್ಪತ್ರೆಗೆ ಬೇಗ ಬಂದ ಮಗುವಿಗೆ ಒಂದು ಮಾತ್ರೆ ಸಾಕಾಗಬಹುದು. ಶ್ವಾಸಕೋಶದಲ್ಲಿ ನೀರು ತುಂಬಿದ ಮೇಲೆ ಬಂದ ಮಗುವಿಗೆ ತೀವ್ರ ನಿಗಾ ಘಟಕ ಬೇಕಾಗುತ್ತದೆ.

ಹಾಗಾದರೆ ಕುಟುಕಿದ ಕ್ಷಣ ಏನು ಮಾಡಬೇಕು? ಗಾಬರಿಯಾಗಬೇಡಿ, ಗಾಬರಿ ಮಾಡಬೇಡಿ. ಕುಟುಕಿದ ಜಾಗವನ್ನು ಸೋಪಿನಿಂದ ತೊಳೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರುಬಟ್ಟೆ ಇಟ್ಟರೆ ಉರಿ ಕಡಿಮೆಯಾಗುತ್ತದೆ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಿರಿ. ಆ ಕೈ, ಆ ಕಾಲು ಅಲುಗಾಡದಂತೆ ಇಟ್ಟು ಹೊರಡಿ. ವಾಹನ ಸಿಗದಿದ್ದರೆ 108ಕ್ಕೆ ಫೋನು ಮಾಡಿ. ಬಿಗಿಯಾಗಿ ದಾರ ಕಟ್ಟಬೇಡಿ, ಬ್ಲೇಡಿನಿಂದ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಸುಡಬೇಡಿ. ಚೇಳನ್ನು ಹುಡುಕುತ್ತ ಕೂರಬೇಡಿ. ಕಣ್ಣಿಗೆ ಬಿದ್ದಿದ್ದರೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದರೆ ಸಾಕು. ಪ್ರಾಜೋಸಿನ್ ಹೆಸರು ಕೇಳಿದಿರೆಂದು ಅಂಗಡಿಯಲ್ಲಿ ಕೊಂಡು ನೀವೇ ಕೊಡಬೇಡಿ. ಅದು ರಕ್ತದೊತ್ತಡವನ್ನು ಒಮ್ಮೆಲೇ ಇಳಿಸಬಲ್ಲದು. ತೂಕ ನೋಡಿ, ಮಲಗಿಸಿ, ಗಮನಿಸುತ್ತ ವೈದ್ಯರು ಕೊಡಬೇಕಾದ ಮದ್ದು. ವೈದ್ಯರು ಒಂದು ದಿನ ಆಸ್ಪತ್ರೆಯಲ್ಲಿರಿ ಎಂದರೆ, ನೋವಿಲ್ಲವೆಂದು ಮನೆಗೆ ಹೊರಟುಬಿಡಬೇಡಿ.

ಇನ್ನು ಮನೆಯ ಜಾಗ್ರತೆ. ಇದಕ್ಕೆ ಹಣಕ್ಕಿಂತ ಶ್ರದ್ಧೆ ಬೇಕು. ಮಿಕ್ಕ ಇಟ್ಟಿಗೆ, ಹೆಂಚು, ಹಲಗೆಗಳನ್ನು ಸಾಧ್ಯವಾದರೆ ಕೊಟ್ಟುಬಿಡಿ; ಇಟ್ಟುಕೊಳ್ಳಲೇಬೇಕಾದರೆ ಗೋಡೆಗೆ ಆನಿಸದೆ, ನೆಲದಿಂದ ಎತ್ತರದ ಅಟ್ಟಣೆಯ ಮೇಲಿಡಿ. ಸೌದೆಗೂ ಇದೇ ಮಾತು. ಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿ. ಬಚ್ಚಲ ತೂಬಿಗೆ, ಸಿಂಕಿನ ಕೊಳವೆಗೆ ಸಣ್ಣ ಕಣ್ಣಿನ ಜಾಲರಿ ಹಾಕಿಸಿ. ಗೋಡೆಯ ಬಿರುಕನ್ನು ಸಿಮೆಂಟಿನಿಂದ ಮುಚ್ಚಿಸಿ. ಚೇಳು ಒರಟು ಗೋಡೆ ಹತ್ತಬಲ್ಲದು, ಗಾಜಿನಂತೆ ನುಣುಪಾದದ್ದನ್ನು ಹತ್ತಲಾರದು. ಅದಕ್ಕಾಗಿ ಹೊಸ್ತಿಲ ಹೊರಬದಿಗೆ, ಹಿಂಬಾಗಿಲ ಮೆಟ್ಟಿಲಿಗೆ ಒಂದು ಸಾಲು ನುಣುಪು ಟೈಲ್ಸು ಹಾಕಿಸಿದರೂ ಪ್ರಯೋಜನವಿದೆ. ರಾತ್ರಿ ಮುಸುರೆ ಪಾತ್ರೆ ಬಿಡಬೇಡಿ, ಕಸದ ಬುಟ್ಟಿ ಮುಚ್ಚಿಡಿ. ಜಿರಲೆ ಕಡಿಮೆಯಾದ ಮನೆಯಲ್ಲಿ ಚೇಳಿಗೆ ಕೆಲಸವಿಲ್ಲ.

ಹಾಸಿಗೆಯನ್ನು ಗೋಡೆಯಿಂದ ಗೇಣು ದೂರಕ್ಕೆ ಎಳೆಯಿರಿ, ಹೊದಿಕೆ ನೆಲಕ್ಕೆ ಜೋತಾಡದಿರಲಿ. ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಚೇಳಿಗೂ ಅದೇ ತಡೆ. ಬೆಳಿಗ್ಗೆ ಶಾಲೆಗೆ ಹೊರಡುವ ಮಕ್ಕಳಿಗೆ ಬೂಟು ತಲೆಕೆಳಗು ಮಾಡಿ ತಟ್ಟುವ ಅಭ್ಯಾಸ ಕಲಿಸಿ. ಬಾಗಿಲ ಹಿಂದೆ ನೇತುಹಾಕಿದ ಅಂಗಿ, ಮೂಲೆಯ ಕಾಲೊರಸು, ಗೋಣಿಚೀಲ ಮುಟ್ಟುವ ಮೊದಲು ಕೊಡವಿ. ಇಟ್ಟಿಗೆ, ಕಲ್ಲು ಎತ್ತುವವರಿಗೆ ದಪ್ಪ ಕೈಗವಸು, ಬೂಟು ಕೊಡಿಸಿ. ಮನೆ ಕಟ್ಟಿಸುವ ಯಜಮಾನರು, ಗುತ್ತಿಗೆದಾರರು, ಮೇಸ್ತ್ರಿಗಳು ಇದನ್ನು ದಯೆ ಎಂದುಕೊಳ್ಳಬೇಡಿ, ಕೂಲಿಯಷ್ಟೇ ಕಡ್ಡಾಯವೆಂದು ತಿಳಿಯಿರಿ. ಶೆಡ್ಡಿನ ಮಕ್ಕಳು ಮಲಗಲು ನೆಲದಿಂದ ಎತ್ತರವಾದ ಒಂದು ಹಲಗೆ ಕಟ್ಟಿಸಿಕೊಡುವುದು ಲಕ್ಷಾಂತರ ರೂಪಾಯಿಯ ಕಟ್ಟಡದಲ್ಲಿ ಲೆಕ್ಕಕ್ಕೇ ಸಿಗದ ಖರ್ಚು.

ಕಂಡ ಚೇಳನ್ನೆಲ್ಲ ಕೊಲ್ಲಬೇಕೆಂದು ನಾನು ಹೇಳುತ್ತಿಲ್ಲ. ಮನೆಯೊಳಗೆ ಬಂದ ಕೆಂಪು ಚೇಳಿನಿಂದ ನಿಮ್ಮ ಮಕ್ಕಳನ್ನು ಕಾಯ್ದುಕೊಳ್ಳುವ ಹಕ್ಕು ನಿಮಗಿದೆ. ಆದರೆ ಗುಡ್ಡದ ಮೇಲಿನ ಚೇಳು, ಹೊಲದ ಬದುವಿನ ಚೇಳು ಅದರ ಪಾಡಿಗೆ ಇರಲಿ. 40 ಕೋಟಿ ವರ್ಷಗಳಿಗೂ ಹಿಂದಿನಿಂದ ಭೂಮಿಯ ಮೇಲಿರುವ ಜೀವಿ ಅದು. ಅದು ತಿನ್ನುವ ಹುಳುಹುಪ್ಪಟೆಗಳಿಂದ ನಮಗೆ ಉಪಕಾರವೇ ಆಗುತ್ತಿದೆ. ಕಪ್ಪೆ, ಗೂಬೆಗಳಂಥವು ಚೇಳನ್ನು ತಿಂದು ಹದ್ದುಬಸ್ತಿನಲ್ಲಿ ಇಡುತ್ತವೆ. ಅವುಗಳಿಗೂ ನಮ್ಮ ಬಡಾವಣೆಗಳಲ್ಲಿ ಜಾಗವಿರಲಿ.

ಕೊನೆಯದಾಗಿ, ಒಬ್ಬೊಬ್ಬರ ಮನೆಯಲ್ಲಿ ಮುಗಿಯದ ಕೆಲಸ. ಕಟ್ಟಡದ ಅವಶೇಷ ಎಲ್ಲೆಂದರಲ್ಲಿ ಸುರಿಯಬಾರದು ಎಂದು 2016ರಲ್ಲಿಯೇ ಕೇಂದ್ರ ಸರ್ಕಾರ ನಿಯಮ ಮಾಡಿತು. ನಗರಸಭೆಗಳು ಇಂಥ ನಿಯಮಗಳನ್ನು ಜಾರಿಗೆ ತರುವಂತೆ ನಾವು ಕೇಳಬೇಕು; ಸುರಿಯುವ ನೆರೆಯವರನ್ನು ತಡೆಯಬೇಕು. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಘೋಷಿಸಿತು. ಬಹಳ ಒಳ್ಳೆಯ ಹೆಜ್ಜೆ. ಚೇಳಿನ ಕುಟುಕಿಗೂ ಅಷ್ಟೇ ಗಮನ ಸಿಗಬೇಕು. ಯಾವ ಬಡಾವಣೆಯಲ್ಲಿ ಎಷ್ಟು, ಯಾವ ತಿಂಗಳಲ್ಲಿ ಎಷ್ಟು ಎಂದು ಲೆಕ್ಕ ಸಿಕ್ಕರೆ ಔಷಧ ಎಲ್ಲಿರಬೇಕು ಎಂಬುದು ತಾನಾಗಿ ತಿಳಿಯುತ್ತದೆ. ಪ್ರತಿಯೊಂದು ನಗರ ಆರೋಗ್ಯ ಕೇಂದ್ರದಲ್ಲಿಯೂ ಪ್ರಾಜೋಸಿನ್ ಇರಬೇಕು, ರಾತ್ರಿ ಪಾಳಿಯವರಿಗೂ ಅದನ್ನು ಕೊಡುವ ತರಬೇತಿ ಇರಬೇಕು.

ನೀವು ಇಂದೇ ಮಾಡಬಹುದಾದದ್ದು ಒಂದಿದೆ. ನಿಮ್ಮ ಮನೆಗೆ ಅತಿ ಹತ್ತಿರದಲ್ಲಿ ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿ ಚೇಳಿನ ಕುಟುಕಿಗೆ ಚಿಕಿತ್ಸೆ ಇದೆಯೇ ಎಂದು ವಿಚಾರಿಸಿ ತಿಳಿದುಕೊಳ್ಳಿ. ಅದನ್ನು ನಿಮ್ಮ ಮನೆಯವರಿಗೆ ಹೇಳಿ. ನಿಮ್ಮ ಬೀದಿಯಲ್ಲಿ ಕಟ್ಟಡದ ಕೆಲಸ ನಡೆಯುತ್ತಿದ್ದರೆ, ಅಲ್ಲಿನ ಶೆಡ್ಡಿಗೆ ಹೋಗಿ ಆ ತಾಯಂದಿರಿಗೂ ಹೇಳಿ: ಆಸ್ಪತ್ರೆ ಇಲ್ಲಿದೆ, ದಾರಿ ಹೀಗೆ, ರಾತ್ರಿ ಎಷ್ಟು ಹೊತ್ತಾದರೂ ನಮ್ಮ ಬಾಗಿಲು ತಟ್ಟಿ, ನಾವು ಕರೆದುಕೊಂಡು ಹೋಗುತ್ತೇವೆ ಎಂದು. ಅಷ್ಟು ಮಾಡಿದರೆ ಒಂದು ಜೀವ ಉಳಿದೀತು.